ಭಾವನ ಕಾರು ಎಲ್ಲಿಯದು?

ಭಾನುವಾರ ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು. ನಾನು ಹಲೋ ಅನ್ನುವುದಕ್ಕೂ ಬಿಡಲಿಲ್ಲ.

"ನಿನ್ನ ಭಾವನ ಕಾರೊಳಗೆ ಯಾವಳೋ ಮಾತಾಡ್ತಾಳೆ. ಕೀಲಿ ತಿರುಗಿಸಿದ ಕೂಡಲೇ ಶುರು ಹಚ್ಕೋತಾಳೆ. ಒಂದಕ್ಷರ ತಿಳಿಯಲ್ಲ. ಈಗಲೇ ಬಾ."

ನನಗೆ ನಗು ಬಂತು. ಅವಳಿಗೆ ಬರಲಿಲ್ಲ.

ಭಾವ ಜೀವಮಾನವಿಡೀ ಶಾಲೆಯ ಬಸ್ಸು ಓಡಿಸಿದವರು. ಬೆನ್ನ ಹಿಂದೆ ಐವತ್ತು ಮಕ್ಕಳ ಗಲಾಟೆ, ತಲೆ ಮೇಲೆ 'ಚಾಲಕರೊಡನೆ ಮಾತಾಡಬೇಡಿ' ಎಂಬ ಬೋರ್ಡು. ಆ ಬೋರ್ಡನ್ನು ಮಕ್ಕಳು ಯಾರೂ ಪಾಲಿಸಲಿಲ್ಲ, ಭಾವ ಮಾತ್ರ ಪಾಲಿಸಿದರು. ಮನೆಗೆ ಬಂದ ಮೇಲೂ ಅವರ ಬಾಯಿಂದ ಮಾತು ಹೊರಡಿಸಬೇಕಾದರೆ ಅಕ್ಕ ಹರಸಾಹಸ ಮಾಡಬೇಕಿತ್ತು. ಅಂಥವರು ನಿವೃತ್ತಿಯಾದ ಮರುವಾರವೇ ಯಾರನ್ನೂ ಕೇಳದೆ ಒಂದು ಹಳೆಯ ಕೆಂಪು ಸ್ಪೋರ್ಟ್ಸ್ ಕಾರು ತಂದು ಮನೆ ಮುಂದೆ ನಿಲ್ಲಿಸಿದ್ದರು. ನೆಲಕ್ಕೆ ಹೊಟ್ಟೆ ತಾಗುವಂಥದ್ದು, ಎರಡೇ ಸೀಟು.

"ಈ ವಯಸ್ಸಲ್ಲಿ ಇದರೊಳಗೆ ಇಳಿಯೋದು ಹೇಗೆ, ಏಳೋದು ಹೇಗೆ? ನಾನಂತೂ ಹತ್ತಲ್ಲ" ಎಂದು ಅಕ್ಕ ಆವತ್ತೇ ಕಡ್ಡಿ ಮುರಿದ ಹಾಗೆ ಹೇಳಿದ್ದಳು. ಹೇಳಿದವಳೇ ಹಳೆಯ ಪರದೆಗಳನ್ನು ಜೋಡಿಸಿ, ಅಳತೆ ತೆಗೆದು, ಕಾರಿಗೆ ಒಂದು ಹೊದಿಕೆ ಹೊಲಿದಿದ್ದಳು. ಅವಳು ದರ್ಜಿ. ಕನ್ನಡಿಗಳಿಗೆ ಕೂಡ ಬೇರೆ ಬೇರೆ ಚೀಲ ಹೊಲಿದಿದ್ದಳು.

ಈಗಿನ ತಾಪತ್ರಯ ವಿಮೆಯದು. ಈ ಮಾದರಿಯ ಕಾರು ಇಲ್ಲಿಯ ಶೋರೂಮಿನಲ್ಲೂ ಮಾರಾಟವಾಗಿದೆ, ಹೊರದೇಶದಲ್ಲಿ ಓಡಿದ ಹಳೆಯ ಕಾರಾಗಿಯೂ ಹಡಗಿನಲ್ಲಿ ಬಂದಿದೆ; ನಿಮ್ಮದು ಯಾವುದು ಅಂತ ಖಚಿತ ಮಾಡಿಕೊಂಡು ಬನ್ನಿ, ಸುಳ್ಳು ಹೇಳಿದರೆ ಅಪಘಾತವಾದಾಗ ನಾವು ಜವಾಬ್ದಾರರಲ್ಲ ಎಂದು ವಿಮೆಯವರು ವಾಪಸ್ ಕಳಿಸಿದ್ದರು. ಮಾರಿದವನು ಇಲ್ಲಿಯದೇ ಅಂದಿದ್ದ. ಹಾಗಲ್ಲದಿದ್ದರೆ ತಿಂಗಳೊಳಗೆ ವಾಪಸ್ ತಗೋತೀನಿ ಅಂತಲೂ ಮಾತು ಕೊಟ್ಟಿದ್ದ. ಕಾರು ತೊಲಗಲಿ ಎಂಬ ಅಕ್ಕನ ಆಸೆಯೆಲ್ಲ ಆ ಮಾತಿನ ಮೇಲೆಯೇ ನಿಂತಿತ್ತು. ನಾನು ಕಾರುಗಳಿಗೆ ಗಾಜು ಕೂರಿಸುವವನು. ತೀರ್ಪು ಹೇಳುವ ಕೆಲಸ ನನ್ನ ತಲೆಗೆ ಬಂತು.

ನಾನು ಹೋದಾಗ ಅಕ್ಕ ಕತ್ತಿಗೆ ಅಳತೆ ಟೇಪು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಭಾವ ಹೊದಿಕೆಯನ್ನು ಮಗುವಿನ ಅಂಗಿ ಬಿಚ್ಚುವಷ್ಟು ನಾಜೂಕಾಗಿ ತೆಗೆದರು.

"ಆ ಹೆಂಗಸಿನ ವಿಷಯ ಬಿಡು," ಎಂದರು ಪಿಸುದನಿಯಲ್ಲಿ. "ದಾರಿ ತೋರಿಸೋ ಯಂತ್ರ ಅದು. ಯಾರೋ ಭಾಷೆ ಬದಲಾಯಿಸಿ ಹಾಕಿದ್ದಾರೆ ಅಷ್ಟೆ."

ನಾನು ಮುಂದಿನ ಗಾಜಿನಿಂದ ಶುರು ಮಾಡಿದೆ. ಮೂಲೆಯಲ್ಲಿ ಇಲ್ಲಿಯ ಕಾರುಗಳಿಗೆ ಗಾಜು ಮಾಡುವ ಕಂಪನಿಯ ಮುದ್ರೆ ಇತ್ತು.

"ನೋಡು! ಇಲ್ಲಿಯದೇ!" ಭಾವ ಕೈ ತಟ್ಟಿದರು.

"ಇದು ಆಮೇಲೆ ಕೂರಿಸಿದ್ದು ಭಾವ. ಅಂಚಿನ ಅಂಟು ನೋಡಿ, ಯಾರೋ ಕೈಯಲ್ಲಿ ಎಳೆದಿದ್ದಾರೆ. ಕಾರ್ಖಾನೆಯದು ಹೀಗೆ ಅಂಕುಡೊಂಕು ಇರಲ್ಲ."

ಪಕ್ಕದ ಗಾಜುಗಳು, ಹಿಂದಿನ ಗಾಜು, ಮೂರರಲ್ಲೂ ಬೇರೆಯೇ ಮುದ್ರೆ. ಇಲ್ಲಿ ಮಾರುವ ಕಾರುಗಳಲ್ಲಿ ಅಂಥದ್ದನ್ನು ನಾನು ಕಂಡಿರಲಿಲ್ಲ. ಅಕ್ಕ ಒಂದು ಮೆಟ್ಟಿಲು ಇಳಿದಳು. ಮುಖದಲ್ಲಿ ಗೆಲುವು ಕಾಣುತ್ತಿತ್ತು.

ಬಾಗಿಲು ತೆಗೆದೆ. ಚಕ್ರದ ಗಾಳಿ ಎಷ್ಟಿರಬೇಕು ಎಂದು ಮಾರಿದ ದೇಶದ ಭಾಷೆಯಲ್ಲಿ ಬರೆದಿರುವ ಚೀಟಿ ಅಲ್ಲಿ ಅಂಟಿರಬೇಕಿತ್ತು. ಅದನ್ನು ಯಾರೋ ಕೆರೆದು ತೆಗೆದಿದ್ದರು.

"ಹಳೇ ಕಾರು. ಉದುರಿ ಹೋಗಿರುತ್ತೆ," ಎಂದರು ಭಾವ. ದನಿಯಲ್ಲಿ ಮೊದಲಿನ ಜೋರಿರಲಿಲ್ಲ.

ರೇಡಿಯೋ ಹಾಕಿದೆ. ಸ್ಟೇಷನ್ನಿನ ಅಂಕಿ ತೊಂಬತ್ತರವರೆಗೆ ಹತ್ತಿ ಮತ್ತೆ ಮೊದಲಿಗೇ ಬಂತು. ನಮ್ಮ ಸ್ಟೇಷನ್ನುಗಳೆಲ್ಲ ಅದಕ್ಕೂ ಮೇಲೆ ಇರುವಂಥವು. ಒಂದೂ ಸಿಗಲಿಲ್ಲ. ಬರೀ ಗುಸುಗುಸು.

"ಕೆಟ್ಟಿದೆ ಅನ್ಸುತ್ತೆ," ಎಂದರು ಭಾವ. ಬಸ್ಸಿನ ಬಾಗಿಲಿಗೆ ಮಗುವಿನ ಬೆರಳು ಸಿಕ್ಕಿದ ದಿನ ಮನೆಗೆ ಬಂದಾಗ ಅವರ ಮುಖ ಹೀಗೇ ಇತ್ತು.

ಅಕ್ಕ ಅವರ ಮುಖವನ್ನೇ ನೋಡುತ್ತಿದ್ದಳು. ನನಗೆ ಆಶ್ಚರ್ಯವಾಗುವ ಹಾಗೆ ಅವಳು ಹೇಳಿದಳು: "ಕೆಟ್ಟೇ ಇರುತ್ತೆ. ನಮ್ಮ ಅಡುಗೆಮನೆ ರೇಡಿಯೋ ಕೂಡ ಮಳೆ ಬಂದರೆ ಹೀಗೇ ಆಡುತ್ತಲ್ಲ."

"ಈಗ ಮಳೆ ಎಲ್ಲಿದೆ ಅಕ್ಕಾ?"

"ನೀನು ಸುಮ್ನಿರು. ಎಲ್ಲದಕ್ಕೂ ಒಂದು ಕೊಂಕು ತೆಗೀಬೇಡ."

ಕರೆಸಿದವಳೂ ಅವಳೇ, ಬೈಯುವವಳೂ ಅವಳೇ. ನಾನು ತಲೆ ಬಗ್ಗಿಸಿ ಸೀಟಿನ ಕೆಳಗೆ ಹುಡುಕತೊಡಗಿದೆ. ನನ್ನ ಹುಡುಕಾಟವನ್ನು ಬೇಗ ಮುಗಿಸಬೇಕೆಂದೋ ಏನೋ, ಅಕ್ಕ ಆ ಕಡೆಯಿಂದ ಸುತ್ತಿ ಬಂದು, ಸೆರಗು ಸಿಕ್ಕಿಸಿಕೊಂಡು, ಒಂದು ಕೈಯಿಂದ ಬಾಗಿಲು ಹಿಡಿದು, ಪಕ್ಕದ ಸೀಟಿಗೆ ದೊಪ್ಪನೆ ಇಳಿದಳು. ಆ ಕಾರಿನಲ್ಲಿ ಅವಳು ಕೂತದ್ದು ಅದೇ ಮೊದಲು.

"ಅಯ್ಯೋ, ಮೊಣಕಾಲಿಗೆ ಏನೋ ಚುಚ್ಚುತ್ತೆ."

ಅವಳ ಮೊಣಕಾಲಿನ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕೊಕ್ಕೆ ಇತ್ತು. ಭಾವ ಅದನ್ನು ಛತ್ರಿಗೆ ಇಟ್ಟದ್ದು ಅಂದುಕೊಂಡಿದ್ದರು. ನನ್ನ ಕೆಲಸದ ಜಾಗಕ್ಕೆ ಬಂದ ಒಂದು ಕಾರಿನಲ್ಲಿ ಇಂಥದ್ದನ್ನು ಕಂಡಿದ್ದೆ. ಕಾರು ದಾರಿಯಲ್ಲಿ ಕೆಟ್ಟು ನಿಂತರೆ ಹಿಂದಿನವರಿಗೆ ಗೊತ್ತಾಗಲಿ ಎಂದು ಹೊತ್ತಿಸುವ, ಪಂಜಿನ ಹಾಗೆ ಕೆಂಪಗೆ ಉರಿಯುವ ಕಡ್ಡಿ ಇಡುವ ಜಾಗ. ಇಲ್ಲಿ ಮಾರುವ ಕಾರುಗಳಿಗೆ ಅದು ಇರುವುದಿಲ್ಲ.

ನಾನಿನ್ನೂ ಬಾಯಿ ತೆರೆದಿರಲಿಲ್ಲ. ಅಕ್ಕ ಅಭ್ಯಾಸಬಲದಿಂದ ಸೀಟ್ ಬೆಲ್ಟಿನ ಹೊಲಿಗೆ ನೋಡಲು ಅದನ್ನು ಪೂರ್ತಿ ಎಳೆದು ತಿರುಗಿಸಿದಳು. ಬುಡದಲ್ಲಿ ಒಂದು ಬಿಳಿ ಪಟ್ಟಿ ಹೊಲಿದಿತ್ತು, ಅದರ ತುಂಬ ನಮಗೆ ಓದಲು ಬಾರದ ಅಕ್ಷರ. ಅವಳು ನೋಡಿದಳು. ನೋಡಿ, ಹೆಬ್ಬೆರಳನ್ನು ಮೆಲ್ಲಗೆ ಅದರ ಮೇಲಿಟ್ಟು ಮುಚ್ಚಿಕೊಂಡಳು.

ನಾನು ಅದನ್ನು ಕಂಡೆ. ಭಾವನೂ ಕಂಡರು.

"ತೆಗಿ ಇವಳೇ," ಎಂದರು ಭಾವ, ಮೆತ್ತಗೆ. "ಅವನು ನೋಡಲಿ."

"ಏನೂ ಇಲ್ಲ. ಬರೀ ಕೊಳೆ."

ಆಮೇಲೆ ಅವಳೇ ಬೆರಳು ತೆಗೆದಳು. ಇನ್ನು ಹೇಳದೆ ವಿಧಿಯಿರಲಿಲ್ಲ.

"ಹೊರದೇಶದ್ದೇ ಭಾವ. ಅನುಮಾನ ಬೇಡ. ಕಾರೇನೂ ಕೆಟ್ಟದ್ದಲ್ಲ. ಆದರೆ ಬಿಡಿಭಾಗ ಸಿಗೋದು ಕಷ್ಟ, ವಿಮೆ ತುಟ್ಟಿ."

ಭಾವ ಒರೆಸುವ ಬಟ್ಟೆಯನ್ನು ಮಡಚಿದರು. "ನಾಳೆ ವಾಪಸ್ ಕೊಟ್ಟು ಬರೋಣ," ಎಂದು ಒಳಗೆ ಹೋಗಿ ಕೈ ತೊಳೆಯುತ್ತ ಬಹಳ ಹೊತ್ತು ನಿಂತರು.

ಮರುದಿನ ಹೊರಟೆವು. ಅಕ್ಕ ತನ್ನ ಹೊಲಿಗೆ ಅಂಗಡಿ ಮುಚ್ಚಿ, "ಮಾರಿದವನಿಗೆ ನಾಲ್ಕು ಮಾತು ಹೇಳಬೇಕು, ನಾನೂ ಬರ್ತೀನಿ" ಎಂದು ಕಾರಿನಲ್ಲಿ ಕೂತಳು. ನಾನು ಸ್ಕೂಟರಿನಲ್ಲಿ ಹಿಂದೆ. ಅಷ್ಟು ನಿಧಾನವಾಗಿ ಹೋಗುವ ಸ್ಪೋರ್ಟ್ಸ್ ಕಾರನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ತಿರುವಿಗೆ ಮೊದಲೇ ಸಿಗ್ನಲ್, ಪ್ರತಿ ಶಾಲೆಯ ಮುಂದೆ ಬ್ರೇಕು. ಸೈಕಲ್ಲಿನ ಮುದುಕನೊಬ್ಬ ನಮ್ಮನ್ನು ಹಿಂದೆ ಹಾಕಿ ತಿರುಗಿ ನೋಡಿ ನಕ್ಕ. ಹಿಂದಿನ ಗಾಜಿನೊಳಗಿಂದ ಭಾವನ ಎಡಗೈ ಮತ್ತೆ ಮತ್ತೆ ಮೇಲೇಳುವುದು ಕಾಣುತ್ತಿತ್ತು. ಏನನ್ನೋ ತೋರಿಸುತ್ತಿದ್ದರು. ಅಕ್ಕನ ತಲೆ ಅತ್ತ ತಿರುಗುತ್ತಿತ್ತು, ಮತ್ತೆ ಇತ್ತ. ಒಮ್ಮೆ ಅವಳ ಭುಜ ನಗುವಿಗೆ ಕುಣಿಯಿತು.

ಮಾರಿದವನು ಜಗಳವಾಡಲಿಲ್ಲ. ನಾನು ಒಂದೊಂದಾಗಿ ಹೇಳಿದಾಗ ತಲೆ ಕೆರೆದುಕೊಂಡ. "ನನಗೆ ಕೊಟ್ಟವರು ಇಲ್ಲಿಯದು ಅಂದ್ರು, ನಾನೂ ಕೆದಕೋಕೆ ಹೋಗಲಿಲ್ಲ. ತಪ್ಪು ನಂದೇ. ಕೀಲಿ ಕೊಡಿ."

ಭಾವ ಜೇಬಿಗೆ ಕೈ ಹಾಕಿದರು.

"ತಡೀರಿ," ಎಂದಳು ಅಕ್ಕ. ಮಾರಿದವನ ಕಡೆ ತಿರುಗಿ, "ಕಾರು ನಮ್ಮ ಹತ್ತಿರಾನೇ ಇರಲಿ. ಹೊರದೇಶದ್ದು ಅಂತ ಸರಿಯಾಗಿ ಬರೆದುಕೊಡಿ, ಸಾಕು."

ಭಾವ ಅವಳನ್ನು ನೋಡಿದ ರೀತಿ ನಾನು ವರ್ಣಿಸಲಾರೆ. ಅವರು ಕೀಲಿಯನ್ನು ಮತ್ತೆ ಜೇಬಿಗಿಳಿಸಿ, ಜೇಬಿನ ಮೇಲೆ ಕೈ ಇಟ್ಟುಕೊಂಡೇ ನಿಂತರು.

ಹೊರಗೆ ಬಂದ ಮೇಲೆ ಅಕ್ಕನನ್ನು ಪಕ್ಕಕ್ಕೆ ಕರೆದು ಕೇಳಿದೆ. "ನಿನಗೇನಾಯ್ತು?"

"ದಾರಿಯುದ್ದಕ್ಕೂ ಮಾತಾಡಿದರು ಕಣೋ," ಎಂದಳು ಅವಳು, ಗುಟ್ಟು ಹೇಳುವವಳ ಹಾಗೆ. "ಯಾವ ಮಗು ಯಾವ ಗೇಟಲ್ಲಿ ಹತ್ತುತ್ತಿತ್ತು, ಯಾರು ಅಳುತ್ತಿದ್ದರು, ಯಾರು ನಿದ್ದೆ ಮಾಡಿ ಇಳಿಯೋದೇ ಮರೀತಿದ್ದರು, ಎಲ್ಲಾ. ಇಷ್ಟು ವರ್ಷ ಇದನ್ನೆಲ್ಲ ಎಲ್ಲಿ ಇಟ್ಟುಕೊಂಡಿದ್ದರು ಅಂತೀನಿ! ಮನೇಲಿ ಎದುರು ಕೂತರೆ ಉಪ್ಪು ಕೊಡು ಅನ್ನೋಕೂ ಯೋಚನೆ ಮಾಡ್ತಾರೆ."

ವಿಮೆ ಹೆಚ್ಚಾಯಿತು, ಕಟ್ಟಿದರು. ಕೆಲವು ತಿಂಗಳಾದ ಮೇಲೆ ಮಾರುಕಟ್ಟೆಯ ಹತ್ತಿರ ಯಾರೋ ಗುದ್ದಿ ಹಿಂದಿನ ದೀಪ ಪುಡಿಯಾಯಿತು. ನಾನು ಹೆದರಿದ್ದ ಹಾಗೇ ಆಯಿತು, ಆ ದೀಪ ಎಲ್ಲೂ ಸಿಗಲಿಲ್ಲ. ಹೊರದೇಶದಿಂದ ತರಿಸಬೇಕಾಯಿತು. ಅದು ಬರುವವರೆಗೆ ಕಾರು ರಸ್ತೆಗಿಳಿಯುವಂತಿರಲಿಲ್ಲ.

ಪಾಪ, ಬೇಜಾರು ಮಾಡಿಕೊಂಡಿರುತ್ತಾರೆ ಎಂದು ಒಂದು ಸಂಜೆ ನೋಡಿ ಬರಲು ಹೋದೆ. ಮನೆ ಬಾಗಿಲು ಹಾಕಿತ್ತು. ಕಾರು ಅಂಗಳದಲ್ಲಿ ನಿಂತಿತ್ತು, ಒಳಗೆ ಇಬ್ಬರೂ ಕೂತಿದ್ದರು. ಭಾವ ಸ್ಟೇರಿಂಗ್ ಹಿಡಿದು, ಮುಂದಿನ ಗೋಡೆಯನ್ನೇ ರಸ್ತೆಯೆಂಬಂತೆ ನೋಡುತ್ತ ಏನೋ ಹೇಳುತ್ತಿದ್ದರು. ಅಕ್ಕ ಯಾರದೋ ಕುಪ್ಪಸಕ್ಕೆ ಗುಂಡಿ ಹಾಕುತ್ತ ಹ್ಞೂಂಗುಟ್ಟುತ್ತಿದ್ದಳು.

ನಾನು ಗಾಜು ತಟ್ಟಿದೆ. ಅಕ್ಕ ಅದನ್ನು ಎರಡು ಬೆರಳಷ್ಟು ಇಳಿಸಿ, ಮನೆ ಕೀಲಿ ಗೊಂಚಲನ್ನು ಹೊರಗೆ ಚಾಚಿದಳು.

"ಒಳಗೆ ಹೋಗಿ ಟೀ ಇಡು. ಇದೊಂದು ಮುಗಿಸಿ ಬರ್ತೀವಿ."

ನಾನು ಹೋಗಿ ಟೀ ಇಟ್ಟೆ.