ಕಿಟಕಿಯ ಪಾಲು

"ಮೊದಲ ಈ ಗಿಡ ಸರಿಸ್ರಿ. ಅಣ್ಣನ್ನ ಇಲ್ಲೇ ಗೋಡಿಗಿ ಆನಿಸಿ ಕುಂದ್ರಸಬೇಕು," ಎನ್ನುತ್ತ ಬಸು ರಬ್ಬರ್ ಗಿಡದ ಕುಂಡವನ್ನು ತಬ್ಬಿ ಎತ್ತಿದ. ಎಂಟಡಿಯ ಗಿಡ. ತುದಿ ಸೂರಿಗೆ ತಾಗಿ ಬಾಗಿತ್ತು.

"ಅಳ್ಳಾಡಸಬ್ಯಾಡೋ, ಎಲಿ ಉದುರ್ತಾವ," ಎಂದುಬಿಟ್ಟಳು ಅವನ ಅತ್ತಿಗೆ ಉಮಾಶ್ರೀ.

ಗಂಡ ಸಂಗಮನಾಥ ಬೆಳಗಿನ ಜಾವ ಎದೆ ಹಿಡಿದುಕೊಂಡು ತೀರಿಹೋದ ಮೇಲೆ ಅವಳು ಆಡಿದ ಮೊದಲ ಮಾತದು. ಕೂಡಿದ್ದ ಹೆಂಗಸರು ಸೆರಗನ್ನು ಕಣ್ಣಿಗೊತ್ತಿಕೊಂಡರು. ಗಂಡನ ಗಿಡದ ಮೇಲೂ ಎಷ್ಟು ಜೀವ ಈಕೆಗೆ! ಉಮಾಶ್ರೀಗೆ ಮಾತ್ರ ತನ್ನ ನಾಲಿಗೆಯ ಮೇಲೆ ಸಿಟ್ಟು ಬಂತು. ಅವನು ಹೋದರೂ ಅವನ ಮಾತು ಅಲ್ಲಿ ಕೂತೇ ಇತ್ತು.

ಒಂದೊಂದೇ ಕುಂಡ ಸರಿದಂತೆ ಯಾದಗಿರಿಯ ಆ ಎರಡನೇ ಅಂತಸ್ತಿನ ಮನೆಯೊಳಗೆ ಹನ್ನೆರಡು ವರ್ಷದಲ್ಲಿ ಮೊದಲ ಸಲ ಹಗಲು ಬಂತು. ಇದ್ದದ್ದು ಒಂದೇ ಕಿಟಕಿ. ಮಗ್ಗುಲಲ್ಲಿ ಲಾಡ್ಜ್ ಎದ್ದ ಮೇಲೆ ಅದರಲ್ಲೂ ಹತ್ತರಿಂದ ಒಂದರವರೆಗೆ ಮಾತ್ರ ಬಿಸಿಲು. ಗಿಡಗಳ ಹಿಂದಿನ ಗೋಡೆಯ ತುಂಬ ಪೆನ್ಸಿಲ್ ಗೆರೆಗಳಿದ್ದವು.

"ಇವೇನು ಗೆರಿ?" ಉಮಾಶ್ರೀಯ ಅಣ್ಣ, ಹತ್ತಿಕುಣಿಯ ಲಿಂಗಣ್ಣ, ಕನ್ನಡಕ ಏರಿಸಿದ.

"ಎತ್ತರರಿ. ಯುಗಾದಿಗೊಮ್ಮೆ ಅಳೀತಿದ್ರು," ಎಂದಳು ಮೇಲಿನ ಮನೆಯ ಆಸ್ಮಾ. "ಇದು ರಬ್ಬರ್ ಗಿಡದ್ದು. ನೋಡ್ರಿ, ಹ್ಯಾಂಗ ಏರ್ಯಾದ. ಮತ್ತ ಇದು..."

ಅಲ್ಲಿಗೆ ನಿಲ್ಲಿಸಿದಳು. ಏರುವ ಗೆರೆಗಳ ಪಕ್ಕದಲ್ಲಿ ಇನ್ನೊಂದು ಸಾಲಿತ್ತು. ಅದು ವರ್ಷದಿಂದ ವರ್ಷಕ್ಕೆ ಕೆಳಗಿಳಿದಿತ್ತು. ಪ್ರತಿ ಗೆರೆಯ ಪಕ್ಕದಲ್ಲೂ ಮುದ್ದಾದ ಅಕ್ಷರದಲ್ಲಿ 'ಉ' ಎಂದು ಬರೆದಿತ್ತು.

ಲಿಂಗಣ್ಣ ಮೇಲಿನ 'ಉ'ವಿನಿಂದ ಕೆಳಗಿನದರವರೆಗೆ ಬೆರಳಿಟ್ಟು ನೋಡಿದ. ಮೂರು ಬೆರಳು. ತಂಗಿಯ ಕಡೆ ತಿರುಗಿದ. ಅವಳು ನೆಲ ನೋಡುತ್ತಿದ್ದಳು.

*

ಫೋಟೋ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಇಪ್ಪತ್ತು ವರ್ಷ ಕಳೆದವನು ಸಂಗಮನಾಥ. ಎಲ್ಲರ ಕೈಗೂ ಮೊಬೈಲ್ ಬಂದು ಸ್ಟುಡಿಯೋ ಮುಚ್ಚಿತು, ಮನೆಗೆ ಗಿಡಗಳು ಬಂದವು. ಕೆಟ್ಟವನಲ್ಲ, ಹೆಂಡತಿಯ ಮೇಲೆ ಒಂದು ದಿನವೂ ಕೈಯೆತ್ತಿದವನಲ್ಲ. ಎಲೆಗಳನ್ನು ಒದ್ದೆ ಬಟ್ಟೆಯಿಂದ ಕೂಸಿನ ಮುಖ ಒರೆಸಿದಂತೆ ಒರೆಸುತ್ತಿದ್ದ. ಎಲ್ಲಾ ಮಗ್ಗುಲಿಗೂ ಬೆಳಕು ಸಿಗಲೆಂದು ಸೋಮವಾರಕ್ಕೊಮ್ಮೆ ಪ್ರತಿ ಕುಂಡವನ್ನೂ ಕಾಲು ಸುತ್ತು ತಿರುಗಿಸುತ್ತಿದ್ದ. ಉಮಾಶ್ರೀಯ ಕುರ್ಚಿ ಅಡಿಗೆಮನೆಯ ಬಾಗಿಲ ಹತ್ತಿರ ಇರುತ್ತಿತ್ತು.

"ಡಾಕ್ಟರು ಬಿಸಿಲಿಗಿ ಕುಂದ್ರು ಅಂದಾರ. ಎಲುಬು ಮೆತ್ತಗಾಗ್ಯಾವಂತ," ಎಂದಿದ್ದಳು ಈ ಯುಗಾದಿಗೆ, ಗೋಡೆಗೆ ಬೆನ್ನು ಹಚ್ಚಿ ನಿಂತು.

"ಮಾಳಗಿಗಿ ಹೋಗು."

"ಮೆಟ್ಲಾ ಹತ್ತಾಕ ಕಾಲು ಬರಂಗಿಲ್ಲ. ಈ ಒಂದು ಕುಂಡ ಮಾಳಗಿಗಿ ಇಡ್ರಿ, ನಾ ಇಲ್ಲೇ ಕುಂದರ್ತೀನಿ."

"ಹುಚ್ಚಿ! ನೆರಳಿನಾಗ ಬೆಳದದ್ದು ಒಮ್ಮೆಲೇ ಬಿಸಿಲಿಗಿಟ್ರ ಸುಟ್ಟು ಹೋಗ್ತದ. ದಿನಕ್ಕೊಂದು ಗೇಣು ಸರಿಸಬೇಕು, ಗೇಣು." ನಗುತ್ತ ಅವಳ ನೆತ್ತಿಯ ಮಟ್ಟಕ್ಕೆ ಗೆರೆ ಎಳೆದ. "ನೆಟ್ಟಗ ನಿಲ್ಲು. ಕುಗ್ಗಬ್ಯಾಡ."

ಅವಳು ನೆಟ್ಟಗೇ ನಿಂತಿದ್ದಳು.

*

ಮಧ್ಯಾಹ್ನ ಆ ಮೆಟ್ಟಿಲುಗಳಲ್ಲಿ ಎರಡು ಕುರ್ಚಿಗಳು ಇಳಿದವು. ಮುಂದಿನದರಲ್ಲಿ ವಿಭೂತಿ ಬಳಿದು ಕೂರಿಸಿದ ಸಂಗಮನಾಥ. ಗಿಡವನ್ನು ಕೋಲಿಗೆ ಬಿಗಿದಂತೆ ಅವನನ್ನು ಪಂಚೆಯಿಂದ ಬಿಗಿದಿದ್ದರು. ಹಿಂದಿನದರಲ್ಲಿ ಉಮಾಶ್ರೀ, ಲಿಂಗಣ್ಣ ಮತ್ತು ಇನ್ನೊಬ್ಬರ ಕೈಯಲ್ಲಿ.

ಊರ ಹೊರಗೆ ಮೇ ತಿಂಗಳ ಬಿಸಿಲು ಕಾದು ಕೂತಿತ್ತು. ಸಂಗಮನಾಥನನ್ನು ಕುಣಿಯಲ್ಲಿ ಕೂರಿಸಿ, ಪತ್ರಿ ವಿಭೂತಿ ಹಾಕಿ, ಮಣ್ಣು ಮುಚ್ಚಿದರು. ಬಸು ಆಟೋದಿಂದ ರಬ್ಬರ್ ಗಿಡವನ್ನು ಇಳಿಸಿದ. ಯಾವುದೋ ಎಲೆ ಮುರಿದು ಬಿಳಿ ಹಾಲು ಅವನ ಅಂಗಿಯ ಮೇಲೆ ತೊಟ್ಟಿಕ್ಕುತ್ತಿತ್ತು.

"ವೈನಿ, ಅಣ್ಣನ ಜೀವ ಇದರಾಗ ಇತ್ತು. ಸಮಾಧಿ ಮ್ಯಾಲ ಹಚ್ತೀನಿ. ಮ್ಯಾಲ ಏನರ ಚಪ್ಪರ ಹಾಕಬೇಕೇನು? ನಿಮಗ ಗೊತ್ತಿರ್ತದ."

ಗೊತ್ತಿತ್ತು. ಎಲ್ಲರೂ ಅವಳ ಬಾಯಿ ನೋಡುತ್ತಿದ್ದರು. ಒಂದು ಮಾತು ಹೇಳಿದರೆ ಗಿಡ ಉಳಿಯುತ್ತಿತ್ತು. ಆ ಮಾತು ಗಂಡನ ದನಿಯಲ್ಲೇ ಗಂಟಲಿನವರೆಗೆ ಬಂತು. ಉಮಾಶ್ರೀ ಅದನ್ನು ನುಂಗಿದಳು.

"ಏನೂ ಬ್ಯಾಡ. ಬಯಲಾಗೇ ಹಚ್ಚು. ಬಿಸಿಲು ಬೇಕು ಅದಕ್ಕ."

ಬಸು ಗಿಡ ನೆಟ್ಟ. ನೀರೂ ಹಾಕಿದ.

ಜಂಗಮರ ಮಂತ್ರ ಮುಗಿದು ಜನ ಕೈಕಾಲು ತೊಳೆಯುವಷ್ಟರಲ್ಲಿ ತುದಿಯ ಎಲೆಗಳ ಮೇಲೆ ಬೂದಿ ಬಣ್ಣದ ಕಲೆಗಳು ಎದ್ದಿದ್ದವು. ಉಮಾಶ್ರೀಯ ಮುಂಗೈಯೂ ಚುರುಗುಟ್ಟುತ್ತಿತ್ತು.

"ಅಣ್ಣಾ, ನನ್ನ ಆ ಬೇವಿನ ನೆರಳಿಗಿ ಎಳಿ."

ಲಿಂಗಣ್ಣ ಕುರ್ಚಿ ಎಳೆದ.

"ಸಾಕು, ನಿಲ್ಲು. ಪಾದ ಬಿಸಿಲಾಗ ಇರ್ಲಿ." ಅವಳು ಬಗ್ಗಿ, ನೆರಳಿನ ಅಂಚಿನಿಂದ ಮೊಣಕಾಲಿನ ಕಡೆಗೆ ಒಂದು ಗೇಣು ಹಾಕಿ ತೋರಿಸಿದಳು. "ನಾಳಿಗಿ ಮನಿ ಕಿಟಕ್ಯಾಗ ಬಿಸಿಲು ಇಲ್ಲೀತನ."

ಎದುರಿಗೆ ರಬ್ಬರ್ ಗಿಡದ ಒಂದು ಎಲೆ ಸದ್ದಿಲ್ಲದೆ ಕಳಚಿ ಹೊಸ ಮಣ್ಣಿನ ಮೇಲೆ ಬಿತ್ತು. ಯಾರೂ ಅದನ್ನು ಎತ್ತಲಿಲ್ಲ.