ಮುಚ್ಚಳ ತೆರೆಯದ ಬಾಟಲಿ

ಬೆಳಿಗ್ಗೆ ತುಂಬಿ ತಂದ ನೀರಿನ ಬಾಟಲಿಯನ್ನು ಸಂಜೆ ತುಂಬಿದ ಹಾಗೆಯೇ ಮನೆಗೆ ಒಯ್ಯುವುದು ನಮ್ಮ ಶಾಲೆಯ ಗಣಿತದ ಮೇಡಂ ಮೂವತ್ತೊಂದು ವರ್ಷ ತಪ್ಪದೆ ಪಾಲಿಸಿದ ನೇಮ. ಸ್ಟೀಲಿನ ಬಾಟಲಿ, ಮೈಯೆಲ್ಲ ತಗ್ಗು ಬಿದ್ದು ಹೊಳಪು ಮಾಸಿದ್ದರೂ ಮುಚ್ಚಳ ಮಾತ್ರ ಅಂಗಡಿಯಿಂದ ತಂದ ದಿನದಂತೆ ಹೊಸದು. ಮೊದಲ ಗಂಟೆ ಬಾರಿಸುತ್ತಲೇ ಅದನ್ನು ಮೇಜಿನ ಬಲತುದಿಗೆ, ಎಲ್ಲರ ಕಣ್ಣಿಗೂ ಬೀಳುವಂತೆ ಇಟ್ಟು ಪಾಠ ಆರಂಭಿಸುವರು. ಬೇಸಿಗೆಯಲ್ಲಿ ತುಟಿ ಒಡೆದು, ಮಾತಿನ ನಡುವೆ ನಾಲಗೆ ಅಂಗುಳಕ್ಕೆ ಅಂಟಿಕೊಂಡರೂ ಕೈ ಅತ್ತ ಹೋಗುತ್ತಿರಲಿಲ್ಲ. "ನೀರು ಎದುರಿಗಿದ್ರೂ ಕುಡೀದೆ ಇರೋಕೆ ಬರುತ್ತಲ್ಲ, ಅದೇ ಓದು. ಮಿಕ್ಕಿದ್ದೆಲ್ಲ ಬರೀ ಪುಸ್ತಕ" ಎನ್ನುತ್ತಿದ್ದರು.

ಮಕ್ಕಳು ಅವರಿಗೆ ಇಟ್ಟಿದ್ದ ಅಡ್ಡಹೆಸರು 'ಕಂಬ'. ಇಟ್ಟವರಿಗೆ ಕಣ್ಣಿತ್ತು. ಸಪೂರವಾದ ಎತ್ತರದ ದೇಹ. ಚಳಿಗಾಲ ಬೇಸಿಗೆಯೆನ್ನದೆ ಮೊಣಕಾಲಿನವರೆಗೆ ಇಳಿಬಿದ್ದ ಬೂದು ಕೋಟು, ಅದರ ಎರಡೂ ಜೇಬುಗಳಲ್ಲಿ ಸೀಮೆಸುಣ್ಣದ ಚೂರು. ಕತ್ತನ್ನು ಅತ್ತಿತ್ತ ಹೊರಳಿಸದೆ, ಅಳತೆಪಟ್ಟಿಯಿಟ್ಟು ಗೆರೆ ಎಳೆದ ಹಾಗೆ ಕಾರಿಡಾರಿನ ನಟ್ಟನಡುವೆ ಬರುವ ನಡಿಗೆ. ಅವರು ಕೂತು ಪಾಠ ಮಾಡಿದ್ದನ್ನು ಕಂಡವರಿಲ್ಲ. ಮಾತು ಕಡ್ಡಿ ಮುರಿದ ಹಾಗೆ, ಜೊತೆಗೆ ಯಾರು ಏನು ಹೇಳಿದರೂ "ಮುಂದೆ?" ಎಂದು ಕೇಳುವ ಚಾಳಿ ಬೇರೆ. ಒಮ್ಮೆ ಹೆಡ್‌ಮಾಸ್ಟರು ತಮ್ಮ ಮನೆಗೆ ಕಳ್ಳ ನುಗ್ಗಿದ ಕಥೆಯನ್ನು ಕಣ್ಣು ತುಂಬಿಕೊಂಡು ಹೇಳುತ್ತಿದ್ದಾಗ ಇವರು ಉತ್ತರಪತ್ರಿಕೆ ತಿದ್ದುತ್ತಲೇ ಮೂರು ಸಲ "ಮುಂದೆ?" ಎಂದರು, ಹೇಳಲು ಮುಂದೇನೂ ಉಳಿಯದ ಹೆಡ್‌ಮಾಸ್ಟರು, ಕಳುವೇ ಆಗಿರದ ಒಂದು ಗಡಿಯಾರವನ್ನೂ ಕಳ್ಳನ ತಲೆಗೆ ಕಟ್ಟಿಬಿಟ್ಟರು.

ಈ ನೇಮ ಎಲ್ಲಿಂದ ಬಂತೆಂದು ಒಮ್ಮೆ ಅವರೇ ನನಗೆ ಹೇಳಿದ್ದುಂಟು. ಅವರು ಓದಿದ ಕಾಲೇಜಿನ ಗಣಿತದ ತರಗತಿಯಲ್ಲಿ ಇವರೊಬ್ಬರೇ ಹೆಣ್ಣು. ಮೂರಂತಸ್ತಿನ ಆ ಕಟ್ಟಡದಲ್ಲಿ ಹೆಣ್ಣಿಗೂ ಒಂದು ಶೌಚಾಲಯ ಬೇಕಾದೀತೆಂದು ಕಟ್ಟಿದವರಿಗೆ ತೋಚಿರಲಿಲ್ಲ. ಧೈರ್ಯ ಮಾಡಿ ಕೇಳಲು ಹೋದ ಇವರನ್ನು ನೋಡಿ ಆಫೀಸಿನ ಗುಮಾಸ್ತ ನಕ್ಕಿದ್ದನಂತೆ. "ಆವತ್ತೇ ತೀರ್ಮಾನ ಮಾಡ್ದೆ. ಇನ್ನು ಯಾರ ಹತ್ರಾನೂ ಏನೂ ಕೇಳಲ್ಲ ಅಂತ. ಮನೆಯಿಂದ ಹೊರಟಾಗಿಂದ ಮನೆ ಸೇರೋವರೆಗೂ ನೀರು ಬಿಟ್ಟೆ. ಮೊದಲನೇ ರ‍್ಯಾಂಕ್ ಬಂತು." ಅವರನ್ನು ಗೆಲ್ಲಿಸಿದ್ದು ಅವರ ಬುದ್ಧಿ. ಆದರೆ ಗೆಲ್ಲಿಸಿದ್ದು ಬಾಯಾರಿಕೆಯೆಂದು ಅವರು ನಂಬಿದರು.

ನಮ್ಮ ಶಾಲೆಯಲ್ಲಿ ಶೌಚಾಲಯ ಇತ್ತು, ಅಂಗಳದ ಕೊನೆಯಲ್ಲಿ. ಬಾಗಿಲಿಗೆ ಚಿಲಕ ಇರಲಿಲ್ಲ. ಎಂದೋ ಕಿತ್ತುಹೋದ ಚಿಲಕದ ನಾಲ್ಕು ತೂತುಗಳು ಮಾತ್ರ ಇದ್ದವು. ಹುಡುಗಿಯರು ಮೂವರು ಕೂಡಿ ಹೋಗಬೇಕು, ಒಬ್ಬಳು ಒಳಗಿದ್ದಾಗ ಇನ್ನಿಬ್ಬರು ಹೊರಗಿನಿಂದ ಬಾಗಿಲು ಹಿಡಿಯಬೇಕು. ಮೂವರದೂ ಮುಗಿಯುವಷ್ಟರಲ್ಲಿ ಗಂಟೆ ಬಾರಿಸಿಬಿಡುವುದು, ತಡವಾಗಿ ಬಂದವರು ಗಣಿತದ ಪಾಠ ಮುಗಿಯುವವರೆಗೆ ಹೊರಗೇ ನಿಲ್ಲಬೇಕು. ಇದು ನನಗೂ ಗೊತ್ತಿತ್ತು. ಭಾಷಾಪಾಠ ಹೇಳುವವಳಾದ ನನ್ನ ಮನೆ ಶಾಲೆಯ ಎದುರಿಗೇ. ಮಧ್ಯಾಹ್ನ ಹೋಗಿ ಬರುತ್ತಿದ್ದೆನಾದ್ದರಿಂದ ಆ ಚಿಲಕ ನನ್ನ ಚಿಂತೆಯಾಗಲಿಲ್ಲ. ಊರಿಗೆಲ್ಲ ಹುಲಿಯಾದ ಹೆಡ್‌ಮಾಸ್ಟರು ಗಣಿತದ ಮೇಡಂ ಎದುರು ಇಲಿ. ಮೇಡಂ ಒಂದು ಮಾತು ಹೇಳಿದ್ದರೆ ಅದೇ ಸಂಜೆ ಬಡಗಿ ಬರುತ್ತಿದ್ದ. ಅವರು ಹೇಳಲಿಲ್ಲ. ಕೇಳುವುದೆಂದರೆ ಅವರ ಪಾಲಿಗೆ ಮತ್ತೆ ಆ ಗುಮಾಸ್ತನ ಮುಂದೆ ನಿಲ್ಲುವುದು.

ಇಂಥವರ ಕೈಗೆ ಟೈಲರನ ಮಗಳು ಸಿಕ್ಕಿದಳು. ಅಪ್ಪ ಹೊಲಿದದ್ದಕ್ಕೆ ಅಮ್ಮ ಗುಂಡಿ ಹಾಕುವ ಒಂದೇ ಕೋಣೆಯ ಮನೆಯಿಂದ ಬಂದ ಆ ಹುಡುಗಿಗೆ ಲೆಕ್ಕವೆಂದರೆ ನೀರು ಕುಡಿದ ಹಾಗೆ ಎಂದು ಬರೆಯಹೋಗಿ ಕೈ ತಡೆಯುತ್ತಿದೆ. ಬೋರ್ಡಿನ ಮೇಲೆ ಪ್ರಶ್ನೆ ಮುಗಿಯುವ ಮೊದಲೇ ಅವಳ ಪುಸ್ತಕದಲ್ಲಿ ಉತ್ತರ ಇರುತ್ತಿತ್ತು. ಮೂವತ್ತು ವರ್ಷ ಕಾದ ಮೇಲೆ ತಮ್ಮಂಥವಳೊಬ್ಬಳು ಸಿಕ್ಕಳೆಂದು ಮೇಡಂ ಮುಖ ಅವಳನ್ನು ಕಂಡಾಗ ಮಾತ್ರ ಸ್ವಲ್ಪ ಸಡಿಲುವುದು. ಒಂದು ದಿನ ಅವಳ ಡೆಸ್ಕಿನ ಬಲತುದಿಯಲ್ಲೂ ತುಂಬಿದ ಬಾಟಲಿಯೊಂದು ಪ್ರತ್ಯಕ್ಷವಾಯಿತು. ಗೆಳತಿಯರು 'ಮರಿಕಂಬ' ಎಂದು ಛೇಡಿಸಿದರು. ಯಾರನ್ನೂ ಹೊಗಳದ ಮೇಡಂ ಆ ಬಾಟಲಿಯನ್ನು ತೋರಿಸಿ, "ನೋಡಿ ಕಲೀರಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ?" ಎಂದರು. ಆ ಹುಡುಗಿಯ ಮುಖ ಕಿವಿಯವರೆಗೂ ಕೆಂಪೇರಿತಂತೆ.

ಹತ್ತನೆಯ ತರಗತಿಯ ನಡುವಿನಲ್ಲಿ ಅವಳಿಗೆ ಮತ್ತೆ ಮತ್ತೆ ಜ್ವರ ಬರತೊಡಗಿತು. ಬೆಳಿಗ್ಗೆ ರೆಪ್ಪೆ ಊದಿಕೊಂಡು ಬರುವಳು, ಪಾಠದ ನಡುವೆ ಸೊಂಟದ ಮೇಲೆ ಅಂಗೈ ಒತ್ತಿ ಹಿಡಿಯುವಳು. ತೊಂಬತ್ತೆಂಟು ತೆಗೆಯುತ್ತಿದ್ದವಳು ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಐವತ್ತನಾಲ್ಕಕ್ಕೆ ಇಳಿದಳು. ನನಗೆ ಬರೆದುಕೊಟ್ಟ ಪ್ರಬಂಧದಲ್ಲಿ ವಾಕ್ಯಗಳು ಅರ್ಧಕ್ಕೇ ನಿಂತಿದ್ದವು. "ಆ ಹುಡುಗಿ ಯಾಕೋ ಬಾಡ್ತಾ ಇದೆ. ಡಾಕ್ಟರಿಗೆ ತೋರಿಸೋದು ಒಳ್ಳೇದು" ಎಂದು ಸ್ಟಾಫ್ ರೂಮಿನಲ್ಲಿ ಹೇಳಿದೆ.

"ಪರೀಕ್ಷೆ ಹತ್ರ ಬಂದ್ರೆ ಮೈ ನೆಪ ಹುಡುಕುತ್ತೆ" ಎಂದರು ಮೇಡಂ. "ಮುಂದೆ?"

ಮುಂದೆ ಹೇಳಲು ನನ್ನಲ್ಲಿ ಬೇಕಾದಷ್ಟಿತ್ತು. ಹೇಳಲಿಲ್ಲ. ಅದನ್ನು ಇಂದಿಗೂ ನಾನು ಕ್ಷಮಿಸಿಕೊಂಡಿಲ್ಲ.

ಗಣಿತದ ಪರೀಕ್ಷೆಯ ದಿನ ಅವಳಿದ್ದ ಕೋಣೆಯ ಕಾವಲು ನನ್ನದೇ. ಮೊದಲ ಅರ್ಧ ಗಂಟೆಯಲ್ಲೇ ಹುಡುಗಿ ಗಡಗಡ ನಡುಗಿ, ಬರೆಯುತ್ತಿದ್ದ ಕೈ ಹಾಗೇ ಚಾಚಿಕೊಂಡು ಬೆಂಚಿನಿಂದ ಕೆಳಗೆ ಬಿದ್ದಳು. ಬಾಟಲಿ ಉರುಳಿಕೊಂಡು ನನ್ನ ಕಾಲಿನ ಬಳಿಗೆ ಬಂತು. ಎತ್ತಿದರೆ ಭಾರವಾಗಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಟೈಲರನನ್ನು ಕೂರಿಸಿಕೊಂಡು, ಸೋಂಕು ಮೂತ್ರಪಿಂಡಕ್ಕೆ ಏರಿ ಎಷ್ಟೋ ತಿಂಗಳಾಗಿದೆಯೆಂದು ಬಿಡಿಸಿ ಹೇಳಿದರು. "ಹುಟ್ಟಿನಿಂದ್ಲೇ ಸ್ವಲ್ಪ ದೋಷ ಇತ್ತು. ನೀರು ಕುಡ್ಕೊಂಡು, ಹೊತ್ತಿಗೆ ಸರಿಯಾಗಿ ಹೋಗಿ ಬರ್ತಾ ಇದ್ದಿದ್ರೆ ಇಷ್ಟು ಬೇಗ ಇಲ್ಲಿಗೆ ಬರ್ತಿರಲಿಲ್ಲ." ಟೈಲರನಿಗೆ ಅರ್ಥವಾಗಲಿಲ್ಲ. "ನಮ್ಮನೇಲಿ ನೀರಿಗೇನೂ ಬರ ಇಲ್ಲ ಸಾರ್" ಎಂದ. ಬಾಗಿಲ ಬಳಿ ನಿಂತಿದ್ದ ಮೇಡಂಗೆ ಅರ್ಥವಾಯಿತು.

ನಾಲ್ಕು ತಿಂಗಳ ಮೇಲೆ ಅವಳನ್ನು ನೋಡಲು ಮೇಡಂ ಆಸ್ಪತ್ರೆಗೆ ಹೊರಟಾಗ ಜೊತೆಗೆ ನಾನೂ ಹೋದೆ. ವಾರಕ್ಕೆ ಎರಡು ಸಲ ಯಂತ್ರಕ್ಕೆ ಕೈಯೊಡ್ಡಿ, ರಕ್ತ ಶುದ್ಧಿಯಾಗುವವರೆಗೆ ನಾಲ್ಕು ಗಂಟೆ ಮಲಗಬೇಕಿತ್ತು ಆ ಹುಡುಗಿ. ಮೂತ್ರಪಿಂಡ ಕೆಲಸ ಬಿಟ್ಟ ಮೇಲೆ ಕುಡಿದ ನೀರು ಮೈಯಲ್ಲೇ ನಿಲ್ಲುತ್ತದೆಯಾಗಿ ದಿನಕ್ಕೆ ಎರಡೇ ಲೋಟವೆಂದು ಡಾಕ್ಟರು ಅಳತೆ ಕಟ್ಟಿದ್ದರು. ರೂಢಿಯ ಮೇಲೆ ಹಿಡಿದು ಬಂದಿದ್ದ ತುಂಬಿದ ಬಾಟಲಿಯನ್ನು ಮೇಡಂ ಸರಕ್ಕನೆ ಕೋಟಿನೊಳಗೆ ಸೇರಿಸಿದರು. ಅವಳ ಅಮ್ಮ ಸ್ಟೂಲು ಒರೆಸಿ ಹಾಕಿ, "ನೀವು ಬಂದಿದ್ದು ದೊಡ್ಡದು ಮಿಸ್. ಇವಳಿಗೆ ನೀವಂದ್ರೆ ಪ್ರಾಣ" ಎಂದಳು. ನಮ್ಮನ್ನು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆವು.

ಹುಡುಗಿ ಒಣಗಿದ ತುಟಿ ಸವರಿಕೊಂಡು ನಕ್ಕಳು. "ಪಕ್ಕದ ಬೆಡ್ಡಿನ ಅಂಕಲ್ ನೀರಿಗೆ ಅಳ್ತಾರೆ ಮಿಸ್, ಅಷ್ಟು ದೊಡ್ಡೋರಾಗಿ. ನಾನು ಅಳಲ್ಲ. ನಂಗೆ ಅಭ್ಯಾಸ ಇದೆಯಲ್ಲ."

ಹೇಳಿ, ಶಭಾಸ್ ಎನ್ನುವರೆಂದು ಮೇಡಂ ಮುಖವನ್ನೇ ನೋಡಿದಳು. ಆವತ್ತಿನಿಂದ ಅವರ ಬಾಯಲ್ಲಿ "ಮುಂದೆ?" ಎಂಬ ಮಾತನ್ನು ನಾನು ಕೇಳಿಲ್ಲ.

ಮರುದಿನ ಗಂಟೆ ಬಾರಿಸುವ ಮೊದಲೇ ಅವರು ಅಂಗಳದ ಕೊನೆಯಲ್ಲಿದ್ದರು. ಕೋಟಿನ ಜೇಬಿನಿಂದ ಸೀಮೆಸುಣ್ಣದ ಚೂರುಗಳ ಜೊತೆಗೇ ಒಂದು ಚಿಲಕ, ನಾಲ್ಕು ತಿರುಪು ಹೊರಬಂದವು. ಬಾಗಿಲು ನಾನು ಹಿಡಿದೆ. ಕೆಲಸ ಹತ್ತು ನಿಮಿಷವೂ ಹಿಡಿಯಲಿಲ್ಲ. "ಮೂವತ್ತೊಂದು ವರ್ಷ" ಎಂದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಸರಿಯಾಗಿ ಬೀಳುತ್ತದೆಯೇ ಎಂದು ನೋಡಲು ಒಳಗೆ ಹೋಗಿ ಚಿಲಕ ಹಾಕಿಕೊಂಡವರು ತೆಗೆಯಲು ಬಹಳ ಹೊತ್ತು ಮಾಡಿದರು; ಒಳಗಿನಿಂದ ಬಂದ ಬಿಕ್ಕುವ ಸದ್ದು ಕೇಳಿಸದವಳಂತೆ ನಾನು ಅಂಗಳ ನೋಡುತ್ತ ನಿಂತೆ.

ಆಮೇಲೆ ನೇರವಾಗಿ ತರಗತಿಗೆ ಹೋಗಿ, ಬಾಟಲಿಯ ಬಿಗಿದ ಮುಚ್ಚಳವನ್ನು ಎರಡೂ ಕೈಯಿಂದ ತಿರುಚಿ ತೆಗೆದು, ಮಕ್ಕಳೆದುರು ಗಟಗಟನೆ ಕುಡಿದರು. "ಕುಡೀರಿ" ಎಂದರು. ಯಾರೂ ಕುಡಿಯಲಿಲ್ಲ. ಇದೂ ಒಂದು ಪರೀಕ್ಷೆಯಿರಬೇಕೆಂದು ಕೈಕಟ್ಟಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೇ ಇದ್ದರು.

ಇಂಥವರು ಎಲ್ಲ ಶಾಲೆಗಳಲ್ಲೂ ಇದ್ದಾರೆ, ಎಷ್ಟೋ ಮನೆಗಳಲ್ಲೂ ಇದ್ದಾರೆ. ತಮಗಾದ ಅನ್ಯಾಯವನ್ನು ಹಲ್ಲು ಕಚ್ಚಿ ಸಹಿಸಿ ಗೆದ್ದು, ಗೆದ್ದ ಮೇಲೆ ಆ ಸಹನೆಯನ್ನೇ ವಿದ್ಯೆಯೆಂದು ಧಾರೆ ಎರೆಯುವವರು. ತಮಗೆ ನೆರಳಿರಲಿಲ್ಲವೆಂದು, ತಾವು ನೆಟ್ಟ ಸಸಿಯನ್ನೂ ಬಿಸಿಲಿಗೇ ಹಿಡಿಯುತ್ತಾರೆ, ಅದೂ ಅಕ್ಕರೆಯಿಂದ. ಕೆಟ್ಟವರಾಗಿದ್ದರೆ ಚಿಂತೆಯಿರಲಿಲ್ಲ, ಕೆಟ್ಟವರ ಮಾತನ್ನು ಮಕ್ಕಳು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಾರೆ. ಒಳ್ಳೆಯ ಮೇಷ್ಟರು ಹೇಳಿದ್ದನ್ನು ಮಾತ್ರ ಸಾಯುವವರೆಗೂ ಮರೆಯುವುದಿಲ್ಲ.