ಓಗೊಡದ ಮನೆ

ಗೇಟಿನ ಆಚೆಯಿಂದ ಸೊಸೆಯ ದನಿ ಕೇಳಿಸಿದಾಗ ಮೈಕಮ್ಮ ಬಚ್ಚಲುಮನೆಯ ನೆಲದ ಮೇಲೆ ಬಿದ್ದಿದ್ದರು.

"ಅತ್ತೇ, ನಾನು!"

ದಿನಾ ಮಧ್ಯಾಹ್ನ ಊಟಕ್ಕೆ ಬಂದಾಗ ಕೂಗುವಂತೆಯೇ ಕೂಗಿದ್ದಳು. ಮೈಕಮ್ಮ ಬಾಯಿ ತೆರೆದರು. "ಬಾ" ಎಂದರೆ ಸಾಕಿತ್ತು. ನಾಲಿಗೆ ಬಾಯೊಳಗೆ ಒದ್ದೆ ಬಟ್ಟೆಯಂತೆ ಬಿದ್ದಿತ್ತು. ಬಲಗೈ ಯಾರದೋ ಎಂಬಂತೆ ಮೈಕೆಳಗೆ ಸಿಕ್ಕಿಕೊಂಡಿತ್ತು. ಕೆನ್ನೆಗೆ ನೆಲ ತಣ್ಣಗಿತ್ತು. ಕಣ್ಣೆದುರಿಗೆ ನೀಲಿ ಬಕೆಟ್ಟು, ಅದರ ಹಿಂದೆ ಎರಡು ದಿನದಿಂದ ಹುಡುಕುತ್ತಿದ್ದ ಸೋಪಿನ ಚೂರು. ಎಲ್ಲ ಕಾಣಿಸುತ್ತಿತ್ತು, ಎಲ್ಲ ಕೇಳಿಸುತ್ತಿತ್ತು, ಮಾತೊಂದೇ ಇರಲಿಲ್ಲ.

ಈ ಗತಿ ಬೇರೆ ಯಾರಿಗೆ ಬಂದಿದ್ದರೂ ನಂಬಬಹುದಿತ್ತು. ಮೈಕಮ್ಮ ನಿವೃತ್ತಿಯಾಗುವವರೆಗೂ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳನ್ನು ಕೂಗಿದವರು. ಹೆಸರು ಬಂದದ್ದೇ ಹಾಗೆ. ಮನೆಯಲ್ಲೂ ದನಿ ತಗ್ಗಿಸುವುದು ಅವರಿಗೆ ಗೊತ್ತಿರಲಿಲ್ಲ. ಅಡುಗೆಮನೆಯಿಂದ ಅಮ್ಮ ಉಪ್ಪು ಕೇಳಿದರೆ ಪಕ್ಕದ ಮನೆಯವರು ತಂದುಕೊಡುತ್ತಾರೆ ಎಂದು ಮಗ ಗೇಲಿ ಮಾಡುತ್ತಿದ್ದ.

"ಅತ್ತೇ?" ಸೊಸೆ ಮತ್ತೆ ಕೂಗಿದಳು. "ನಾನು! ನಾನೊಬ್ಬಳೇ!"

ಬಿದ್ದಾಗ ಆಗದ ಹೆದರಿಕೆ ಮೈಕಮ್ಮನಿಗೆ ಈಗ ಆಯಿತು. ಯಾಕೆಂದರೆ ಓಗೊಡದ ಮನೆಯೊಳಕ್ಕೆ ಈ ಹುಡುಗಿ ಕಾಲಿಡುವವಳಲ್ಲ.

ಸೊಸೆ ಮೇಲಿನ ಜಿಲ್ಲೆಗಳವಳು. ದೇಶ ಒಂದೇ, ನೋಟಿನ ಮೇಲಿನ ಚಿತ್ರವೂ ಒಂದೇ. ಆದರೆ ಸಂಜೆ ಟಿವಿಯಲ್ಲಿ ತೋರಿಸುವ ನಕ್ಷೆಯಲ್ಲಿ ಮೇಲಿನ ಜಿಲ್ಲೆಗಳಿಗೆ ಕೆಂಪು ಬಳಿದಿರುತ್ತಿತ್ತು, ಕೆಳಗಿನವು ಬೆಳ್ಳಗಿರುತ್ತಿದ್ದವು. ಕೆಂಪಿನಲ್ಲೂ ತಿಳಿಗೆಂಪು, ಕಡುಗೆಂಪು ಎಂದಿತ್ತು, ಸತ್ತವರ ಲೆಕ್ಕದ ಮೇಲೆ. ಕೆಳಗಿನವರು ಅದನ್ನು ಹವಾಮಾನದ ಸುದ್ದಿಯಂತೆ ನೋಡಿ ಊಟಕ್ಕೆ ಏಳುತ್ತಿದ್ದರು. ಮೈಕಮ್ಮನಿಗಂತೂ ಮೇಲಿನ ಗಲಾಟೆ ಎಂದರೆ ನಿಲ್ದಾಣದಲ್ಲಿ ಆ ಕಡೆಯ ಬಸ್ಸು ನಿಲ್ಲುವ ನಾಲ್ಕನೇ ಅಂಕಣ. ಅಲ್ಲಿ ಗುಂಡು ಹಾರಿದ ದಿನ ಇಲ್ಲಿ ಅವರ ಮೇಜಿಗೆ ಒಂದು ಚೀಟಿ ಬರುತ್ತಿತ್ತು. "ಮೇಲಿನ ಜಿಲ್ಲೆಗಳಿಗೆ ಹೋಗುವ ಬಸ್ಸುಗಳನ್ನು ಅನಿವಾರ್ಯ ಕಾರಣಗಳಿಂದ ರದ್ದುಪಡಿಸಲಾಗಿದೆ. ಪ್ರಯಾಣಿಕರು ದಯವಿಟ್ಟು ಸಹಕರಿಸಬೇಕು." ಅದನ್ನು ಓದಿ, ಒಂದು ಗುಟುಕು ನೀರು ಕುಡಿದು, ಐದನೇ ಅಂಕಣದ ಬಸ್ಸು ಕೂಗುತ್ತಿದ್ದರು.

ಮಗ ಲೈನ್‌ಮನ್. ಮೇಲಿನ ಜಿಲ್ಲೆಗಳಲ್ಲಿ ಉರುಳಿದ ಕಂಬಗಳನ್ನು ನಿಲ್ಲಿಸಲು ಇಲಾಖೆಯವರು ಅವನನ್ನು ಕಳಿಸಿದರು. ವಾಪಸು ಬರುವಾಗ ಮದುವೆ ಗೊತ್ತುಮಾಡಿಕೊಂಡೇ ಬಂದ. "ಕರೆಂಟು ಕೊಡೋಕೆ ಹೋದವನು ತಾನೇ ಶಾಕ್ ಹೊಡೆಸ್ಕೊಂಡು ಬಂದ" ಎಂದು ಮೈಕಮ್ಮ ಬೀದಿಗೆಲ್ಲ ಸಾರಿದರು.

ಹುಡುಗಿ ಒಳ್ಳೆಯವಳು. ಬಂದ ಕೆಲವೇ ದಿನಗಳಲ್ಲಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಹಿಡಿದಳು. ಮಾತು ಕಡಿಮೆ, ಕೈ ಚುರುಕು. ಮೈಕಮ್ಮನಿಗೆ ಅರ್ಥವಾಗದೆ ಉಳಿದದ್ದು ಈ ಗೇಟಿನ ಪ್ರಸಂಗ ಮಾತ್ರ. ಅವಳ ಹತ್ತಿರ ಮನೆಯ ಕೀ ಇತ್ತು. ಆದರೂ ಹೊರಗೆ ನಿಂತು ಕೂಗಿ, ಒಳಗಿಂದ ಮಾತು ಬಂದ ಮೇಲೆಯೇ ಚಿಲಕ ಮುಟ್ಟುತ್ತಿದ್ದಳು. ಒಮ್ಮೆ ಮೈಕಮ್ಮನಿಗೆ ನಿದ್ದೆ ಹತ್ತಿ, ಅವಳು ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ನಿಂತಿದ್ದಳು.

"ಏನೇ ಇದು! ಕೀ ಕೈಯಲ್ಲೇ ಇದೆ, ಹೀಗೆ ಹೊರಗೆ ನಿಂತಿದ್ದೀಯಲ್ಲ. ನೋಡಿದವರು ಅತ್ತೆ ಒಳಗೆ ಬಿಟ್ಕೊಳ್ಳಲ್ಲ ಅಂದ್ಕೊಳ್ಳಲ್ವಾ?"

"ಅಭ್ಯಾಸ ಅತ್ತೆ." ಸೊಸೆ ತಲೆ ಒರೆಸಿಕೊಳ್ಳುತ್ತ ಹೇಳಿದಳು. "ನಮ್ಮ ಕಡೆ ಮನೆಯವರು ಬಾಗಿಲು ತಟ್ಟಲ್ಲ. ತಟ್ಟೋರು ಬಂದೂಕಿನವರು. ನಾವು ದೂರದಿಂದಲೇ ಕೂಗ್ತೀವಿ. ಒಳಗಿರೋರು 'ಬಾ, ನಾವೇ ಇದ್ದೀವಿ' ಅಂತಾರೆ. ಬೇರೆ ಯಾರೂ ಒಳಗಿಲ್ಲ ಅಂತ ಅರ್ಥ."

"ಯಾರೂ ಮಾತಾಡದೆ ಹೋದ್ರೆ?"

"ತಿರುಗಿ ಹೋಗಬೇಕು. ಓಡಬಾರದು, ನಡ್ಕೊಂಡು ಹೋಗಬೇಕು." ಟವೆಲನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. "ನಮ್ಮಪ್ಪ ಹಾಗೆ ಮಾಡ್ಲಿಲ್ಲ. ಚಿಕ್ಕಪ್ಪನ ಮನೆ. ಚಿಕ್ಕಪ್ಪನಿಗೆ ಕಿವಿ ಮಂದ. ಕೇಳಿಸಿಲ್ವೇನೋ ಅಂತ ಒಳಗೆ ಹೋದರು."

ಒಳಗಿದ್ದವರು ಯಾವ ಕಡೆಯವರು ಎಂದು ಮೈಕಮ್ಮ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅಂದು ಸಂಜೆ ನಕ್ಷೆ ಬಂದಾಗ ಮೈಕಮ್ಮ ಎದ್ದು ಟಿವಿ ಆರಿಸಿದರು. ಮಾರನೆಯ ದಿನದಿಂದ ಮಧ್ಯಾಹ್ನವಾಗುತ್ತಲೇ ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಕೂತರು. "ಅತ್ತೇ, ನಾನು" ಎಂದದ್ದೇ ತಡ, ನಿಲ್ದಾಣದ ದನಿ ತೆಗೆದು "ಬಾಮ್ಮ, ನಾವೇ ಇದ್ದೀವಿ!" ಎನ್ನುತ್ತಿದ್ದರು. ಆ ಹೊತ್ತಿನಲ್ಲಿ ಮನೆಯಲ್ಲಿ ಇರುತ್ತಿದ್ದುದು ಅವರೊಬ್ಬರೇ. ಆದರೂ "ನಾವೇ" ಎನ್ನಬೇಕು, ಇಲ್ಲದಿದ್ದರೆ ಅವಳಿಗೆ ಸಮಾಧಾನವಿಲ್ಲ. ಎದುರು ಮನೆಯವರು ನಕ್ಕರು. ನಗಲಿ ಎಂದು ಮೈಕಮ್ಮ ಬಿಟ್ಟರು.

ಹಾಗೆ ಒಂದು ದಿನವೂ ತಪ್ಪಿಸದ ಮಾತು ಇಂದು ತಪ್ಪಿತ್ತು.

ಎಡಗೈ ಇನ್ನೂ ಆಡುತ್ತಿತ್ತು. ಮೈಕಮ್ಮ ತಡಕಾಡಿ ಚೊಂಬು ಹಿಡಿದು ಬಚ್ಚಲಿನ ತಗಡಿನ ಬಾಗಿಲಿಗೆ ಬಡಿದರು. ಧಡ್, ಧಡ್. ಹೊರಗೆ ಸೊಸೆಯ ದನಿ ತಟ್ಟನೆ ನಿಂತಿತು. ಬಡಿದ ಮೇಲೆ ಅವರಿಗೆ ಹೊಳೆಯಿತು. ಅಯ್ಯೋ, ತಟ್ಟುವವರು ಬಂದೂಕಿನವರಲ್ಲವೇ! ಮಾತಿಲ್ಲದ ಮನೆ, ಒಳಗಿಂದ ಬಡಿತ. ಆ ಹುಡುಗಿಗೆ ಇದಕ್ಕಿಂತ ಕೆಟ್ಟ ಗುರುತು ಇನ್ನೊಂದಿರಲಿಲ್ಲ. ಚೊಂಬು ಕೈಯಿಂದ ಜಾರಿತು.

ಹೆಜ್ಜೆಯ ಸದ್ದು ಹಿಂದಕ್ಕೆ ಹೋಯಿತು. ಓಡುತ್ತಿರಲಿಲ್ಲ, ನಡೆಯುತ್ತಿದ್ದಳು.

ಮಗ ಬರುವುದು ಸಂಜೆಗೆ. ಮೈಕಮ್ಮ ಕಣ್ಣು ಮುಚ್ಚಿದರು. ಸಿಟ್ಟು ಬರಲಿಲ್ಲ. ಪಾಪ, ಮಗು ಎಷ್ಟು ಹೆದರಿತೋ ಎನಿಸಿತು. ಯಾಕೋ ನಾಲ್ಕನೇ ಅಂಕಣದ ಜನ ನೆನಪಾದರು. ಗಂಟುಮೂಟೆಯ ಮೇಲೆ ಕೂತವರು ಮೈಕಿನಲ್ಲಿ ಇವರ ದನಿ ಕೇಳಿದೊಡನೆ ತಲೆಯೆತ್ತಿ ಸ್ಪೀಕರನ್ನೇ ನೋಡುತ್ತಿದ್ದರು. ಪ್ರಕಟಣೆ ಮುಗಿದ ಮೇಲೂ ನೋಡುತ್ತಿದ್ದರು, ಇವಳು ಇನ್ನೇನಾದರೂ ಹೇಳಿಯಾಳು ಎಂದು. ಈಗ ಮೈಕಮ್ಮನೂ ಹಾಗೆಯೇ ಕಿವಿಗೊಟ್ಟು ಬಿದ್ದಿದ್ದರು.

ಆಮೇಲೆ ಗೇಟು ಕಿರುಗುಟ್ಟಿತು.

"ಅತ್ತೇ, ನಾನು. ಗೇಟು ತೆಗೆದೆ." ಹೆಜ್ಜೆ ಹತ್ತಿರವಾಯಿತು. "ಮೆಟ್ಟಿಲ ಹತ್ತಿರ ಬಂದೆ, ಅತ್ತೆ. ಒಬ್ಬಳೇ ಇದ್ದೀನಿ. ಕೈಯಲ್ಲಿ ಏನೂ ಇಲ್ಲ." ಬೀಗದಲ್ಲಿ ಕೀ ತಿರುಗಿತು, ಒಂದೇ ಸಲಕ್ಕೆ ಅಲ್ಲ. "ಹಾಲಿಗೆ ಬಂದೆ. ಇಲ್ಲಿ ಯಾರೂ ಇಲ್ಲ. ಅಡುಗೆಮನೆ ನೋಡಿದೆ. ಈಗ ಬಚ್ಚಲ ಕಡೆ ಬರ್ತೀನಿ. ಬರ್ಲಾ? ಬರ್ತಾ ಇದ್ದೀನಿ."

ಬಸ್ಸು ಯಾವ ಊರು ಬಿಟ್ಟು ಯಾವ ಅಂಕಣಕ್ಕೆ ಬರುತ್ತಿದೆ ಎಂದು ಮೈಕಮ್ಮ ಹೇಳುತ್ತಿದ್ದಂತೆ ಅವಳು ಒಂದೊಂದು ಹೆಜ್ಜೆಯನ್ನೂ ಹೇಳಿಕೊಂಡು ಬಂದಳು. ಅಷ್ಟು ಚೆಂದದ ಪ್ರಕಟಣೆಯನ್ನು ಮೈಕಮ್ಮ ಜನ್ಮದಲ್ಲಿ ಕೇಳಿರಲಿಲ್ಲ. ಬಚ್ಚಲಿನ ಒಳಚಿಲಕ ಕೆಟ್ಟಿತ್ತು. ಸರಿಮಾಡು ಎಂದು ಅವರು ಮಗನ ತಲೆ ತಿಂದಿದ್ದರು, ಅವನು ನಾಳೆ ನಾಳೆ ಎಂದಿದ್ದ. ಇಂಥ ಸೋಮಾರಿ ಮಗನನ್ನು ಕೊಟ್ಟ ದೇವರಿಗೆ ಬಿದ್ದಲ್ಲೇ ಒಂದು ಕೈಯಲ್ಲಿ ಮುಗಿದರು.

ಬಾಗಿಲು ತೆರೆಯಿತು. ಏನೂ ಇಲ್ಲ ಎಂದಿದ್ದ ಕೈಯಲ್ಲಿ ಸೊಸೆ ಕೊಡೆಯನ್ನು ದೊಣ್ಣೆಯಂತೆ ಎತ್ತಿಹಿಡಿದಿದ್ದಳು. ಅತ್ತೆಯನ್ನು ನೋಡಿದಳು, ಬಾಗಿಲ ಸಂದಿ ನೋಡಿದಳು, ಮತ್ತೆ ಅತ್ತೆಯನ್ನು ನೋಡಿದಳು.

"ನೀವೇನಾ? ನೀವೊಬ್ಬರೇನಾ ಇರೋದು?" ಕೊಡೆ ಬಿಸಾಕಿ ಕುಸಿದು ಕೂತು ಅತ್ತೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಆಮೇಲೆ ಅವಳು ಕೂಗಿದ ಕೂಗಿಗೆ ಇಡೀ ಬೀದಿ ಓಡಿಬಂತು. ಅಂಥ ಗಂಟಲು ಆ ಹುಡುಗಿಗೆ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ.

ಅದು ಪಾರ್ಶ್ವವಾಯು. "ಸರಿಯಾದ ಹೊತ್ತಿಗೆ ತಂದ್ರಿ. ಸಂಜೆವರೆಗೂ ಬಿಟ್ಟಿದ್ರೆ ನನ್ನ ಕೈಲೂ ಏನೂ ಆಗ್ತಿರಲಿಲ್ಲ" ಎಂದರು ಡಾಕ್ಟರು. ಮನೆಗೆ ಬಂದ ಮೇಲೆ ಕಾಲು ಎಳೆದುಕೊಂಡಾದರೂ ನಡೆಯಿತು, ಬಲಗೈ ತುತ್ತನ್ನು ಬಾಯಿಯ ಆಸುಪಾಸಿಗೆ ತಲುಪಿಸತೊಡಗಿತು. ಮಾತು ಮಾತ್ರ ಬರಲಿಲ್ಲ. ಮಾತು ಕಲಿಸುವ ಮೇಡಂ ಬಂದು ಬೆಕ್ಕು, ಕುರ್ಚಿ, ಸೇಬಿನ ಚಿತ್ರ ತೋರಿಸಿದರೆ ಮೈಕಮ್ಮ ಬೆವೆತು ಮುಖ ತಿರುಗಿಸುತ್ತಿದ್ದರು.

"ಬೆಕ್ಕಿನ ಹತ್ತಿರ ನಮ್ಮಮ್ಮನಿಗೆ ಏನು ಕೆಲಸ ಮೇಡಂ? ಬಸ್ಸಿನ ಚಿತ್ರ ತನ್ನಿ" ಎಂದ ಮಗ. ಬಸ್ಸೂ ಬಂತು. ಅದಕ್ಕೂ ಮಾತಿಲ್ಲ.

ಏನಾದರೂ ಬೇಕಾದರೆ ಬಡಿಯಿರಿ ಎಂದು ಮೇಡಂ ಒಂದು ಲೋಟ, ಚಮಚ ಹಾಸಿಗೆಯ ಪಕ್ಕ ಇಟ್ಟುಹೋದರು. ಮೈಕಮ್ಮ ಅದನ್ನು ಮುಟ್ಟಲಿಲ್ಲ. ಬೆಳಗ್ಗೆಯೆಲ್ಲ ಪಕ್ಕದ ಮನೆಯಾಕೆ ಬಂದು ಕೂರುತ್ತಿದ್ದರು, ಮಧ್ಯಾಹ್ನದ ಹೊತ್ತಿಗೆ ಅಡುಗೆಗೆಂದು ಎದ್ದುಹೋಗುತ್ತಿದ್ದರು. ಆಗ ಗೇಟಿನಿಂದ "ಅತ್ತೇ, ನಾನು" ಬರುತ್ತಿತ್ತು. ಮಾತಿಲ್ಲದ ಮನೆ ಮಾತಿಲ್ಲದೆಯೇ ಇರುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಅವಳು ಗೇಟು ತೆಗೆದೆ, ಮೆಟ್ಟಿಲು ಹತ್ತಿದೆ ಎಂದು ಹೇಳಿಕೊಳ್ಳುತ್ತ ಬರುತ್ತಿದ್ದಳು. ಬಂದು ನಗುತ್ತಿದ್ದಳು. ಆದರೆ ಆ ಸ್ವಲ್ಪ ಹೊತ್ತಿನಲ್ಲಿ ಏನಿದೆಯೆಂದು ಮೈಕಮ್ಮನಿಗೆ ಗೊತ್ತಿತ್ತು. ತನ್ನ ಅಪ್ಪನ ಸಾವನ್ನು ದಾಟಿಕೊಂಡು ಈ ಹುಡುಗಿ ಒಮ್ಮೆ ತಮ್ಮ ಬಳಿ ಬಂದಳು, ಈಗ ದಿನಾ ಬರುತ್ತಿದ್ದಾಳೆ. ಆ ಋಣಕ್ಕೆ ಎದೆ ತುಂಬಿ ಬರುತ್ತಿತ್ತು, ಅಳುವೂ ಬರುತ್ತಿತ್ತು. ಇಷ್ಟು ವರ್ಷ ಹೋಗುವ ಬರುವ ಬಸ್ಸುಗಳಿಗೆಲ್ಲ ಬಾಯಿ ಸವೆಸಿ, ಹೇಳಲೇಬೇಕಾದವಳಿಗೆ ಹೇಳುವ ಹೊತ್ತಿಗೆ ಬಾಯಿಯೇ ಇಲ್ಲವಲ್ಲ!

ಅವರು ಬೆಕ್ಕು, ಸೇಬನ್ನು ಬಿಟ್ಟರು. ಪಕ್ಕದ ಮನೆಯಾಕೆ ಎದ್ದುಹೋದ ಮೇಲೆ ಗೋಡೆಗೆ ಮುಖಮಾಡಿ ತಮಗೆ ಬೇಕಾದ ಮಾತನ್ನೇ ಹಿಡಿದರು. "ಬಾ" ಬಂತು. "ನಾ" ಎನ್ನಲು ನಾಲಿಗೆ ಮೇಲಕ್ಕೆ ಏಳಬೇಕು, ಅದು ಏಳುತ್ತಿರಲಿಲ್ಲ. ಎದ್ದ ದಿನ "ವೇ" ಕೈಕೊಟ್ಟಿತು. ಮೈಕಮ್ಮ ನಾಲಿಗೆಯನ್ನು ಮನಸ್ಸಿನಲ್ಲೇ ಬಾಯಿಗೆ ಬಂದಂತೆ ಬೈದರು.

ಅಷ್ಟರಲ್ಲಿ ಸೊಸೆಯ ತಾಯಿಗೆ ವಿಷಯವೆಲ್ಲ ಫೋನಿನಲ್ಲಿ ತಿಳಿಯಿತು. "ಯಾರೂ ಮಾತಾಡದ ಮನೆಯೊಳಗೆ ಹೋದೆಯಾ?" ಎಂದು ಒಂದೇ ಪ್ರಶ್ನೆ ಕೇಳಿದರಂತೆ. ಹೂಂ ಎಂದೊಡನೆ ಫೋನು ಇಟ್ಟರಂತೆ. ನಾಲ್ಕನೇ ಅಂಕಣದ ಬಸ್ಸುಗಳು ಆ ವಾರ ಓಡುತ್ತಿದ್ದವು. ಬೀಗಿತ್ತಿ ಹೊರಟುಬಂದರು. ಸೊಸೆ ಅಂಗಡಿಗೆ ರಜೆ ಹಾಕಿ ನಿಲ್ದಾಣಕ್ಕೆ ಹೋದಳು.

ಮಧ್ಯಾಹ್ನ ಗೇಟಿನ ಬಳಿ ಎರಡು ಜೊತೆ ಚಪ್ಪಲಿ ಸದ್ದು.

"ಅತ್ತೇ, ನಾನು. ಅಮ್ಮನೂ ಬಂದಿದ್ದಾರೆ!"

ಮನೆ ಸುಮ್ಮನಿತ್ತು.

"ಬಾಮ್ಮ, ಒಳಗೆ ಹೋಗೋಣ" ಎಂದಳು ಸೊಸೆ.

"ಯಾರೂ ಮಾತಾಡ್ಲಿಲ್ವಲ್ಲೇ." ಬೀಗಿತ್ತಿಯ ದನಿ ತಗ್ಗಿತ್ತು.

"ಅತ್ತೆಗೆ ಮಾತು ಬರಲ್ಲಮ್ಮ. ಹೇಳಿದ್ನಲ್ಲ, ಗೊತ್ತಲ್ವಾ ನಿನಗೆ?"

"ಗೊತ್ತು. ಗೊತ್ತು ಕಣೇ. ಕಾಲು ಬರ್ತಾ ಇಲ್ಲ, ನಾನೇನು ಮಾಡ್ಲಿ?" ಬ್ಯಾಗು ನೆಲಕ್ಕೆ ಇಟ್ಟ ಸದ್ದಾಯಿತು. "ನೀನು ಹೋಗು. ನಾನು ಇಲ್ಲೇ ನಿಂತಿರ್ತೀನಿ." ಒಂದು ಕ್ಷಣದಲ್ಲೇ ದನಿ ಬದಲಾಯಿತು. "ಬೇಡ, ನೀನೂ ಹೋಗಬೇಡ!"

ಮೈಕಮ್ಮ ಎಡಗೈಯಲ್ಲಿ ಮಂಚದ ಅಂಚು ಹಿಡಿದು ಎದ್ದು ಕೂತರು. ಲೋಟ ಉರುಳಿತು, ಚಮಚ ಮಂಚದಡಿ ಸೇರಿತು. ಮೈಕಿನ ಮುಂದೆ ಬಾಗುತ್ತಿದ್ದಂತೆ ಕಿಟಕಿಯ ಕಡೆಗೆ ಬಾಗಿ ಉಸಿರು ತುಂಬಿಕೊಂಡರು.

"ಬಾ..."

ಹೊರಗೆ ಇಬ್ಬರೂ ಸುಮ್ಮನಾದರು.

"ಬಾ. ನಾ... ನಾವ್..." ಜೊಲ್ಲು ಗದ್ದಕ್ಕೆ ಇಳಿಯಿತು, ಒರೆಸಿಕೊಳ್ಳಲಿಲ್ಲ. "ನಾ-ವೇ. ನಾವೇ... ಇದ್ದೀವಿ."

ದನಿ ಒಡೆದಿತ್ತು, ಓರೆಯಾಗಿತ್ತು, ಆದರೆ ದೊಡ್ಡದಾಗಿತ್ತು. ಎದುರು ಮನೆಯ ಕಿಟಕಿಯೊಂದು ತೆರೆಯಿತು. ಗೇಟಿನಾಚೆ ಯಾರೋ ಬಿಕ್ಕಿದರು, ತಾಯಿಯೋ ಮಗಳೋ ತಿಳಿಯಲಿಲ್ಲ. ಮೈಕಮ್ಮ ಕಾಯುತ್ತ ಕೂತರು.

ಬ್ಯಾಗನ್ನು ನೆಲದಿಂದ ಎತ್ತಿದ ಸದ್ದಾಯಿತು. ಆಮೇಲೆ ಗೇಟಿನ ಚಿಲಕ ಸರಿದ ಸದ್ದು.